ಹೆಪಟೈಟಿಸ್ ಬಿ ಅಡಗಿದರೂ ಇಳಿಯದ ಎಸ್‌ಜಿಪಿಟಿ: ಪೀಣ್ಯದ ಕಾರ್ಮಿಕರೊಬ್ಬರ ಪ್ರಕರಣ ಅಧ್ಯಯನ

2023ರ ಫೆಬ್ರವರಿಯ ಒಂದು ಸೋಮವಾರ, ಬೆಂಗಳೂರಿನ ನಮ್ಮ ಆಸ್ಪತ್ರೆಯ ಲಿವರ್ ಹೊರರೋಗಿ ವಿಭಾಗಕ್ಕೆ 41 ವರ್ಷದ ವ್ಯಕ್ತಿಯೊಬ್ಬರು ಪತ್ನಿಯೊಂದಿಗೆ ಬಂದರು. ತುಮಕೂರು ಜಿಲ್ಲೆಯ ಹಳ್ಳಿಯೊಂದರಿಂದ ಇಪ್ಪತ್ತು ವರ್ಷಗಳ ಹಿಂದೆ ನಗರಕ್ಕೆ ಬಂದು, ಪೀಣ್ಯ ಕೈಗಾರಿಕಾ ಪ್ರದೇಶದ ಸಣ್ಣ ಕಾರ್ಖಾನೆಯೊಂದರಲ್ಲಿ ಲೇತ್ ಆಪರೇಟರ್ ಆಗಿ ದುಡಿಯುತ್ತಿದ್ದ ಅವರು ದಾಸರಹಳ್ಳಿಯಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದರು. ಕೈಯಲ್ಲಿದ್ದ ಪ್ಲಾಸ್ಟಿಕ್ ಕವರಿನಲ್ಲಿ ಆರು ವರ್ಷಗಳ ರಕ್ತಪರೀಕ್ಷೆಯ ವರದಿಗಳು ತಾರೀಖಿನ ಕ್ರಮದಲ್ಲಿದ್ದವು. ಪ್ರತಿ ವರದಿಯಲ್ಲೂ ಒಂದೇ ಸಾಲಿಗೆ ನೀಲಿ ಪೆನ್ನಿನಲ್ಲಿ ಸುತ್ತು ಹಾಕಲಾಗಿತ್ತು. ಲಿವರಿನ ಜೀವಕೋಶಗಳು ಹಾಳಾದಾಗ ರಕ್ತಕ್ಕೆ ಸೋರುವ ಕಿಣ್ವ ಎಸ್‌ಜಿಪಿಟಿಯ ಸಾಲು ಅದು. "ವೈರಸ್ ಇಲ್ಲ ಅಂತಾರೆ, ಇದು ಮಾತ್ರ ಇಳೀತಿಲ್ಲ ಡಾಕ್ಟ್ರೇ" ಎಂಬುದು ಅವರು ಹೇಳಿದ ಮೊದಲ ಮಾತು. ಇಡೀ ಪ್ರಕರಣದ ಪ್ರಶ್ನೆ ಆ ಒಂದು ಮಾತಿನಲ್ಲೇ ಇತ್ತು. ಅದಕ್ಕೆ ಉತ್ತರ ಹುಡುಕಲು ನಮಗೂ ಮೂರು ಭೇಟಿಗಳು ಬೇಕಾದವು. ರೋಗಿಯ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಇದನ್ನು ಬರೆಯುತ್ತಿದ್ದೇನೆ.

ವರದಿಗಳು ಹೇಳುತ್ತಿದ್ದ ಕತೆ

2016ರ ನವೆಂಬರಿನಲ್ಲಿ ಕಾರ್ಖಾನೆಯ ರಾಜ್ಯೋತ್ಸವದ ಅಂಗವಾಗಿ ನಡೆದ ರಕ್ತದಾನ ಶಿಬಿರದಲ್ಲಿ ಅವರು ರಕ್ತ ಕೊಟ್ಟಿದ್ದರು. ದಾನದ ರಕ್ತವನ್ನು ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್ ಮತ್ತು ಮಲೇರಿಯಾಗಳಿಗೆ ಕಡ್ಡಾಯವಾಗಿ ಪರೀಕ್ಷಿಸುತ್ತಾರೆ. ವಾರದ ನಂತರ ರಕ್ತನಿಧಿಯಿಂದ ಬಂದ ಫೋನ್ ಕರೆಯಿಂದಲೇ ತಮ್ಮ ಮೈಯಲ್ಲಿ ಹೆಪಟೈಟಿಸ್ ಬಿ ಇದೆಯೆಂಬುದು ಅವರಿಗೆ ತಿಳಿದದ್ದು. ಆಗ ಎಸ್‌ಜಿಪಿಟಿ 74 ಇತ್ತು, ರಕ್ತದಲ್ಲಿ ವೈರಾಣುವಿನ ಡಿಎನ್‌ಎ ಪ್ರಮಾಣ ಪ್ರತಿ ಮಿಲಿಲೀಟರಿಗೆ 3.4 ಲಕ್ಷ ಯೂನಿಟ್ ಇತ್ತು. 2017ರ ಜನವರಿಯಿಂದ ವೈರಾಣು ಹೆಚ್ಚದಂತೆ ತಡೆಯುವ ಟೆನೊಫೋವಿರ್ ಮಾತ್ರೆ ದಿನಕ್ಕೊಂದರಂತೆ ಶುರುವಾಯಿತು. ಒಂದು ವರ್ಷದಲ್ಲಿ ಡಿಎನ್‌ಎ 'ಪತ್ತೆಯಾಗಿಲ್ಲ' ಎಂಬ ಹಂತಕ್ಕೆ ಬಂತು, ಎಸ್‌ಜಿಪಿಟಿ 29ಕ್ಕೆ ಇಳಿಯಿತು. 2020ರವರೆಗೂ ಹಾಗೆಯೇ ಇತ್ತು. ಮಾತ್ರೆಯನ್ನು ಅವರು ಒಂದು ದಿನವೂ ತಪ್ಪಿಸಿದವರಲ್ಲ. ರಾತ್ರಿ ಪಾಳಿ ಇದ್ದಾಗ ಟಿಫನ್ ಡಬ್ಬಿಯ ಮುಚ್ಚಳದೊಳಗೆ ಮಾತ್ರೆಯನ್ನು ಕಾಗದದಲ್ಲಿ ಸುತ್ತಿಟ್ಟು ಕಳಿಸುತ್ತಿದ್ದೆ ಎಂದು ಅವರ ಪತ್ನಿ ಹೇಳಿದರು.

2021ರ ಆಗಸ್ಟ್‌ನ ವರದಿಯಲ್ಲಿ ಎಸ್‌ಜಿಪಿಟಿ ಇದ್ದಕ್ಕಿದ್ದಂತೆ 118. ಡಿಎನ್‌ಎ ಮಾತ್ರ ಆಗಲೂ ಪತ್ತೆಯಾಗಿಲ್ಲ. 2022ರ ಜನವರಿಯಲ್ಲಿ 143, ಆಗಸ್ಟ್‌ನಲ್ಲಿ 131. ಆಗ ಅವರು ತೋರಿಸುತ್ತಿದ್ದ ಕಡೆ ಸ್ಕ್ಯಾನಿಂಗ್‌ನಲ್ಲಿ ಮೊದಲ ದರ್ಜೆಯ ಫ್ಯಾಟಿ ಲಿವರ್ ಕಂಡಿತೆಂದು ತೂಕ ಇಳಿಸಲು ಹೇಳಿದ್ದರು. ಅವರು 64 ಕಿಲೋದಿಂದ 58ಕ್ಕೆ ಇಳಿದರು, ಎಸ್‌ಜಿಪಿಟಿ ಇಳಿಯಲಿಲ್ಲ. ಮೂರು ಭೇಟಿಗಳಲ್ಲಿ ಮೂರು ಸಲ "ಕುಡಿಯುತ್ತೀರಾ, ನಿಜ ಹೇಳಿ" ಎಂದು ಕೇಳಿದರಂತೆ. ಜೀವಮಾನದಲ್ಲಿ ಕುಡಿಯದ ಮನುಷ್ಯನಿಗೆ ಆ ಪ್ರಶ್ನೆ ಮೂರನೆಯ ಸಲ ಬಂದಾಗ ಪಕ್ಕದಲ್ಲಿದ್ದ ಹೆಂಡತಿ ಅತ್ತಿದ್ದರು. ನಮ್ಮ ಕೋಣೆಯಲ್ಲಿ ಅದನ್ನು ನೆನೆಸಿಕೊಂಡಾಗಲೂ ಅವರ ಗಂಟಲು ಕಟ್ಟಿತು. ಕಾಯಿಲೆಯ ಕಾರಣ ಗೊತ್ತಾಗದಿದ್ದಾಗ ರೋಗಿಯ ನಡತೆಯ ಮೇಲೆ ಅನುಮಾನ ಪಡುವುದು ನಮ್ಮ ವೃತ್ತಿಯಲ್ಲಿ ಬೇರೂರಿರುವ ಅಭ್ಯಾಸ. ಅದರಿಂದ ಇವರಿಗೆ ಒಂದೂವರೆ ವರ್ಷ ನಷ್ಟವಾಯಿತು.

ಊರಿನಿಂದ ತಾಯಿ ನೆಲನೆಲ್ಲಿಯ ರಸ ಮಾಡಿ ಕಳಿಸುತ್ತಿದ್ದರು. ಕಾಮಾಲೆಗೆ ನೆಲನೆಲ್ಲಿ ಕೊಡುವುದು ನಮ್ಮ ಹಳ್ಳಿಗಳಲ್ಲಿ ಹಿಂದಿನಿಂದಲೂ ಇರುವ ರೂಢಿ. 1988ರಲ್ಲಿ ಮದ್ರಾಸಿನ ಸಂಶೋಧಕರು ಅದನ್ನು ಹೆಪಟೈಟಿಸ್ ಬಿ ಇರುವವರಲ್ಲಿ ಪರೀಕ್ಷಿಸಿ ಭರವಸೆಯ ಫಲಿತಾಂಶ ಪ್ರಕಟಿಸಿದ್ದರು. ಮುಂದಿನ ಪ್ರಯೋಗಗಳಲ್ಲಿ ಅದು ದೃಢಪಡಲಿಲ್ಲ. ಎಸ್‌ಜಿಪಿಟಿ ಏರಿದ್ದು ರಸ ಕುಡಿಯಲು ಶುರುಮಾಡುವುದಕ್ಕಿಂತ ಮೊದಲೇ ಎಂಬುದು ತಾರೀಖುಗಳಿಂದ ಸ್ಪಷ್ಟವಾಗಿದ್ದುದರಿಂದ ಆ ತಾಯಿಯನ್ನು ದೂಷಿಸುವ ಕಾರಣವಿರಲಿಲ್ಲ. ನಿಲ್ಲಿಸಿ ಎಂದಷ್ಟೇ ಹೇಳಿದೆವು.

ಮೊದಲ ಎರಡು ಭೇಟಿಗಳಲ್ಲಿ ನಾವು ಮಾಡಿದ್ದು ಕ್ರಮಬದ್ಧವಾದ ಕೆಲಸ, ಆದರೆ ಸರಿಯಾದ ಕ್ರಮದಲ್ಲಲ್ಲ. ಹೆಪಟೈಟಿಸ್ ಎ, ಸಿ, ಇ ಮೂರೂ ಇಲ್ಲವೆಂದಾಯಿತು. ದೇಹದ ರಕ್ಷಣಾ ವ್ಯವಸ್ಥೆಯೇ ಲಿವರಿನ ಮೇಲೆ ತಿರುಗಿಬೀಳುವ ಕಾಯಿಲೆಯ ಗುರುತುಗಳೂ ಸಿಗಲಿಲ್ಲ. ತಾಮ್ರದ ಅಂಶ ಸರಿಯಿತ್ತು. ಫೈಬ್ರೋಸ್ಕ್ಯಾನ್‌ನಲ್ಲಿ ಲಿವರಿನ ಗಡಸುತನ 13.8 ಕಿಲೋಪಾಸ್ಕಲ್ ಬಂದಾಗ ನಮಗೆ ಗಾಬರಿಯಾಯಿತು. 2016ರಲ್ಲಿ ಅದು 7.6 ಇತ್ತು. ವೈರಾಣುವಿನ ಡಿಎನ್‌ಎ ಐದು ವರ್ಷಗಳಿಂದ ಶೂನ್ಯದಲ್ಲಿರುವ ಮನುಷ್ಯನ ಲಿವರ್ ಮೆತ್ತಗಾಗುತ್ತ ಬರಬೇಕಿತ್ತು, ಇವರದು ಗಟ್ಟಿಯಾಗಿತ್ತು. ಪ್ಲೇಟ್‌ಲೆಟ್ ಎಣಿಕೆ 1.38 ಲಕ್ಷಕ್ಕೆ ಇಳಿದಿತ್ತು. ಮೂರನೆಯ ಭೇಟಿಯಲ್ಲಿ, ಬಿ ಇರುವವರಲ್ಲಿ ಮಾತ್ರ ನೆಲೆನಿಲ್ಲಬಲ್ಲ ಇನ್ನೊಂದು ವೈರಾಣುವಾದ ಹೆಪಟೈಟಿಸ್ ಡಿಯ ಪ್ರತಿಕಾಯದ ಪರೀಕ್ಷೆಗೆ ರಕ್ತ ಕಳಿಸಿದೆವು. ಪಾಸಿಟಿವ್ ಬಂತು. ಡಿ ವೈರಾಣುವಿನ ಆರ್‌ಎನ್‌ಎ ಪ್ರತಿ ಮಿಲಿಲೀಟರಿಗೆ 8.6 ಲಕ್ಷ ಯೂನಿಟ್ ಇತ್ತು. ಈ ಪರೀಕ್ಷೆಯನ್ನು ಮೊದಲ ದಿನವೇ ಮಾಡಬೇಕಿತ್ತು. ಹೆಪಟೈಟಿಸ್ ಬಿ ಇರುವ ಪ್ರತಿಯೊಬ್ಬರಿಗೂ ಒಮ್ಮೆಯಾದರೂ ಡಿ ಪರೀಕ್ಷೆ ಆಗಬೇಕೆಂದು ಯುರೋಪಿನ ಲಿವರ್ ತಜ್ಞರ ಸಂಘ 2023ರ ಮಾರ್ಗಸೂಚಿಯಲ್ಲಿ ಹೇಳಿದೆ. ನಮ್ಮಲ್ಲಿ ಡಿ ಅಪರೂಪ ಎಂಬ ನಂಬಿಕೆಯಿಂದ ಕೇಳದೆ ಬಿಡುತ್ತೇವೆ, ಕೇಳದೆ ಬಿಡುವುದರಿಂದ ಅದು ಅಪರೂಪವಾಗಿಯೇ ಉಳಿಯುತ್ತದೆ.

ಮತ್ತೆ ಮತ್ತೆ ಕೇಳಿದಾಗ ಅವರಿಗೆ ಒಂದು ವಿಷಯ ನೆನಪಾಯಿತು. 2021ರ ಜೂನ್‌ನಲ್ಲಿ, ಕೋವಿಡ್ ಎರಡನೆಯ ಅಲೆ ಇಳಿಯುತ್ತಿದ್ದಾಗ, ಹತ್ತು ಹನ್ನೆರಡು ದಿನ ವಿಪರೀತ ಸುಸ್ತು, ಊಟ ಸೇರದಿರುವುದು, ಮೂತ್ರ ಕಡು ಹಳದಿಯಾಗುವುದು ಇತ್ತು. ಲಸಿಕೆಯ ಪರಿಣಾಮವಿರಬೇಕೆಂದು ಸುಮ್ಮನಾಗಿದ್ದರು. ಡಿ ಮೈಸೇರಿದ್ದು ಆಗಲೇ ಎಂದು ನಮ್ಮ ಊಹೆ. ಬಿ ಹೊಸದಾಗಿ ಬಂದಾಗ ಕಾಣುವ ಐಜಿಎಂ ಪ್ರತಿಕಾಯ ಇವರಲ್ಲಿ ಇರಲಿಲ್ಲ. ಅಂದರೆ ಬಿ ಹಳೆಯದು, ಡಿ ಅದರ ಮೇಲೆ ಬಂದು ಕೂತದ್ದು. ಎರಡೂ ಒಟ್ಟಿಗೆ ಬಂದರೆ ಹೆಚ್ಚಿನವರಲ್ಲಿ ಎರಡೂ ವಾಸಿಯಾಗಿ ಹೋಗುತ್ತವೆ. ಹಳೆಯ ಬಿ ಮೇಲೆ ಡಿ ಬಂದರೆ ಹೆಚ್ಚಿನವರಲ್ಲಿ ಅದು ಕಾಯಂ ಆಗಿ ಉಳಿಯುತ್ತದೆ. ಎಲ್ಲಿಂದ ಬಂತೆಂಬುದನ್ನು ನಾವು ನಿರ್ಧರಿಸಲು ಹೋಗಲಿಲ್ಲ. ಗಂಡಹೆಂಡತಿಯರನ್ನು ಎದುರಿಗೆ ಕೂರಿಸಿಕೊಂಡು, ಪುರಾವೆ ಸಿಗುವ ದಾರಿಯೇ ಇಲ್ಲದಿರುವಾಗ, ಒಂದು ಸಂಸಾರದಲ್ಲಿ ಅನುಮಾನದ ಬೀಜ ಬಿತ್ತುವ ಹಕ್ಕು ವೈದ್ಯರಿಗಿಲ್ಲ ಎಂದು ನನ್ನ ನಂಬಿಕೆ.

ಪಿತ್ತಾಮ್ಲದ ದಾರಿ

ಇಲ್ಲಿ ಪ್ರಕರಣವನ್ನು ಸ್ವಲ್ಪ ನಿಲ್ಲಿಸಿ, ಈ ಎರಡು ವೈರಾಣುಗಳು ಲಿವರಿನೊಳಗೆ ಹೋಗುವುದು ಹೇಗೆಂದು ನೋಡಬೇಕು. ಟೆನೊಫೋವಿರ್ ಇವರಲ್ಲಿ ಗೆದ್ದಂತೆ ಕಂಡರೂ ಲಿವರ್ ಯಾಕೆ ಸೋಲುತ್ತಿತ್ತು ಎಂಬುದು ಅದಿಲ್ಲದೆ ಅರ್ಥವಾಗುವುದಿಲ್ಲ.

ನಾವು ತಿಂದ ಕೊಬ್ಬು ಜೀರ್ಣವಾಗಲು ಪಿತ್ತಾಮ್ಲಗಳು ಬೇಕು. ಲಿವರ್ ಅವುಗಳನ್ನು ತಯಾರಿಸಿ ಪಿತ್ತರಸದ ಜೊತೆ ಕರುಳಿಗೆ ಬಿಡುತ್ತದೆ, ಆದರೆ ಮನೆಯ ಜಾಣ ಹೆಣ್ಣುಮಗಳಂತೆ ಒಮ್ಮೆ ಬಳಸಿದ್ದನ್ನು ಚೆಲ್ಲುವುದಿಲ್ಲ. ಸುಮಾರು ನೂರಕ್ಕೆ 95 ಭಾಗ ಸಣ್ಣಕರುಳಿನ ಕೊನೆಯಲ್ಲಿ ಮತ್ತೆ ರಕ್ತಕ್ಕೆ ಸೇರಿ ಲಿವರಿಗೆ ಹಿಂತಿರುಗುತ್ತದೆ. ಮೈಯಲ್ಲಿರುವ ಒಟ್ಟು ಪಿತ್ತಾಮ್ಲ ಕೆಲವೇ ಗ್ರಾಂ. ಅದೇ ದಿನಕ್ಕೆ ಹಲವು ಸಲ ಈ ಸುತ್ತು ಹಾಕುತ್ತದೆ. ಹಿಂತಿರುಗಿ ಬಂದ ಪಿತ್ತಾಮ್ಲವನ್ನು ರಕ್ತದಿಂದ ಎತ್ತಿಕೊಂಡು ಲಿವರಿನ ಜೀವಕೋಶದೊಳಗೆ ಸಾಗಿಸುವ ಮುಖ್ಯ ಪ್ರೋಟೀನಿನ ಹೆಸರು ಎನ್‌ಟಿಸಿಪಿ. 349 ಅಮೈನೋ ಆಮ್ಲಗಳ ಈ ಸರಪಳಿ ಜೀವಕೋಶದ ಪೊರೆಯಲ್ಲಿ ಒಂಬತ್ತು ಸಲ ಒಳಹೊರಗೆ ಹೊಲಿದಂತೆ ಕೂತಿರುತ್ತದೆ. ರಕ್ತದ ಕಡೆಗಿರುವ ಪೊರೆಯಲ್ಲಿ ಮಾತ್ರ ಅದರ ವಾಸ. ಎರಡು ಸೋಡಿಯಂ ಅಯಾನುಗಳ ಜೊತೆ ಒಂದು ಪಿತ್ತಾಮ್ಲ ಎಂಬ ಲೆಕ್ಕದಲ್ಲಿ ಅದು ಸಾಗಣೆ ನಡೆಸುತ್ತದೆ.

ಹೆಪಟೈಟಿಸ್ ಬಿ ಹಿಡಿದುಕೊಳ್ಳುವುದು ಇದನ್ನೇ. ವೈರಾಣು ಸುಮಾರು 42 ನ್ಯಾನೊಮೀಟರ್ ಗಾತ್ರದ ಉಂಡೆ. ಅದರ ಹೊರಹೊದಿಕೆಯಲ್ಲಿ ದೊಡ್ಡದು, ನಡುವಿನದು, ಚಿಕ್ಕದು ಎಂಬ ಮೂರು ಮೇಲ್ಮೈ ಪ್ರೋಟೀನುಗಳಿವೆ. ರಕ್ತದಲ್ಲಿ ತೇಲುತ್ತ ಲಿವರಿನ ಸೂಕ್ಷ್ಮ ರಕ್ತನಾಳಗಳಿಗೆ ಬಂದ ವೈರಾಣು, ಆ ನಾಳಗಳ ಗೋಡೆಯಲ್ಲಿ ಸಹಜವಾಗಿಯೇ ಇರುವ ರಂಧ್ರಗಳ ಮೂಲಕ ಜೀವಕೋಶದ ಹತ್ತಿರ ಬರುತ್ತದೆ. ಅಲ್ಲಿ ಮೊದಲು ಹೆಪಾರನ್ ಸಲ್ಫೇಟ್ ಎಂಬ ಸಕ್ಕರೆಯ ಎಳೆಗಳಿಗೆ ಸಡಿಲವಾಗಿ ಅಂಟಿಕೊಳ್ಳುತ್ತದೆ. ಈ ಅಂಟು ಬಿಗಿಯಲ್ಲ, ಇಷ್ಟಕ್ಕೇ ಒಳಪ್ರವೇಶ ಸಿಗುವುದಿಲ್ಲ. ಬಳಿಕ ದೊಡ್ಡ ಮೇಲ್ಮೈ ಪ್ರೋಟೀನಿನ ತುದಿಯ ಪ್ರಿ-ಎಸ್1 ಎಂಬ ಭಾಗ ಎನ್‌ಟಿಸಿಪಿಯನ್ನು ಬಿಗಿಯಾಗಿ ಹಿಡಿಯುತ್ತದೆ. ಆ ತುದಿಯಲ್ಲಿ ಮಿರಿಸ್ಟಿಕ್ ಆಮ್ಲವೆಂಬ 14 ಇಂಗಾಲದ ಕೊಬ್ಬಿನ ಬಾಲವೊಂದಿದೆ. ಅದು ಇಲ್ಲದಿದ್ದರೆ ವೈರಾಣುವಿಗೆ ಸೋಂಕು ತರುವ ಶಕ್ತಿಯಿಲ್ಲ. ಈ ಆಮ್ಲಕ್ಕೆ ಹೆಸರು ಬಂದದ್ದು ನಮ್ಮ ಶಿರಸಿ ಕಡೆಯ ತೋಟಗಳಲ್ಲೂ ಬೆಳೆಯುವ ಜಾಯಿಕಾಯಿಯಿಂದ. ಹಿಡಿತ ಸಿಕ್ಕ ಮೇಲೆ ಜೀವಕೋಶದ ಪೊರೆಯೇ ಒಳಕ್ಕೆ ಮಡಚಿಕೊಂಡು ಪ್ರೋಟೀನಿನ ಸಮೇತ ವೈರಾಣುವನ್ನು ನುಂಗುತ್ತದೆ. ಇತ್ತೀಚಿನ ವರ್ಷಗಳಲ್ಲಿ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೆಗೆದ ಚಿತ್ರಗಳಲ್ಲಿ, ಪಿತ್ತಾಮ್ಲ ಹಾದುಹೋಗುವ ಸುರಂಗದ ಬಾಯಿಯೊಳಗೇ ಪ್ರಿ-ಎಸ್1 ತೂರಿ ಕೂತಿರುವುದು ಕಾಣುತ್ತದೆ. ವೈರಾಣು ಕೂತಿರುವಷ್ಟು ಹೊತ್ತು ಆ ಸುರಂಗದಲ್ಲಿ ಪಿತ್ತಾಮ್ಲ ಹೋಗಲಾರದು.

ಇದು ಗೊತ್ತಾಗಿ ಇನ್ನೂ ಹೆಚ್ಚು ಕಾಲವಾಗಿಲ್ಲ. ಬರೂಕ್ ಬ್ಲಂಬರ್ಗ್ ಅವರು ಈ ವೈರಾಣುವಿನ ಮೇಲ್ಮೈ ಪ್ರೋಟೀನನ್ನು ಗುರುತಿಸಿದ್ದು 1960ರ ದಶಕದಲ್ಲಿ. 1976ರಲ್ಲಿ ಅವರಿಗೆ ನೊಬೆಲ್ ಬಂತು, ಮುಂದೆ ಲಸಿಕೆಯೂ ಬಂತು. ಆದರೆ ವೈರಾಣು ಯಾವುದನ್ನು ಹಿಡಿದು ಲಿವರಿನೊಳಗೆ ಹೋಗುತ್ತದೆ ಎಂಬುದು ತಿಳಿಯುವ ಮೊದಲೇ, 2011ರಲ್ಲಿ, ಅವರು ತೀರಿಕೊಂಡರು. ಮರುವರ್ಷವೇ ಬೀಜಿಂಗ್‌ನ ರಾಷ್ಟ್ರೀಯ ಜೀವವಿಜ್ಞಾನ ಸಂಸ್ಥೆಯ ವೆನ್‌ಹುಯಿ ಲಿ ಅವರ ತಂಡ ಎನ್‌ಟಿಸಿಪಿಯ ಹೆಸರು ಹೇಳಿತು. ಅವರು ಹಿಡಿದ ದಾರಿ ಕುತೂಹಲದ್ದು. ಅಳಿಲಿನಂತೆ ಕಾಣುವ ತುಪಾಯ ಎಂಬ ಪುಟ್ಟ ಪ್ರಾಣಿಯ ಲಿವರ್ ಈ ವೈರಾಣುವಿಗೆ ಒಲಿಯುತ್ತದೆ. ಆ ಜೀವಕೋಶಗಳಿಗೆ, ಬೆಳಕು ಬಿದ್ದಾಗ ಪಕ್ಕದ ಪ್ರೋಟೀನಿಗೆ ಗಟ್ಟಿಯಾಗಿ ಬೆಸೆದುಕೊಳ್ಳುವಂತೆ ಮಾಡಿದ ಪ್ರಿ-ಎಸ್1 ತುಣುಕನ್ನು ಕೊಟ್ಟು, ಬೆಸೆದುಕೊಂಡದ್ದು ಯಾವುದೆಂದು ಅವರು ಹೊರತೆಗೆದು ನೋಡಿದರು. ಅಲ್ಲಿಯವರೆಗೆ ಪ್ರಯೋಗಾಲಯಗಳಲ್ಲಿ ಸಾಮಾನ್ಯವಾಗಿ ಬಳಸುತ್ತಿದ್ದ ಹೆಪ್‌ಜಿ2 ಎಂಬ ಲಿವರ್ ಜೀವಕೋಶಗಳಿಗೆ ಹೆಪಟೈಟಿಸ್ ಬಿ ತಗಲುತ್ತಲೇ ಇರಲಿಲ್ಲ, ಯಾಕೆಂದರೆ ಅವು ಎನ್‌ಟಿಸಿಪಿ ತಯಾರಿಸುವುದನ್ನೇ ನಿಲ್ಲಿಸಿದ್ದವು. ಅದನ್ನು ಮತ್ತೆ ಸೇರಿಸಿದ ಕೂಡಲೇ ಸೋಂಕು ತಗಲಿತು. ಹೆಪಟೈಟಿಸ್ ಬಿ ಲಿವರನ್ನು ಮಾತ್ರ ಹುಡುಕಿಕೊಂಡು ಹೋಗುವುದೇಕೆ ಎಂಬ ಹಳೆಯ ಪ್ರಶ್ನೆಗೂ ಇಲ್ಲೇ ದೊಡ್ಡ ಉತ್ತರ ಸಿಕ್ಕಿತು.

ಹೆಪಟೈಟಿಸ್ ಡಿ ಈ ದಾರಿಯನ್ನು ಎರವಲಾಗಿ ಬಳಸುತ್ತದೆ. 1977ರಲ್ಲಿ ಇಟಲಿಯ ಮಾರಿಯೊ ರಿಜೆಟ್ಟೊ ಇದನ್ನು ಕಂಡುಹಿಡಿದರು. ಸುಮಾರು 1,700 ಅಕ್ಷರಗಳಷ್ಟೇ ಉದ್ದದ ಉಂಗುರಾಕಾರದ ಆರ್‌ಎನ್‌ಎ ಇದರ ಬಂಡವಾಳ, ಸ್ವಂತ ಪ್ರೋಟೀನು ಡೆಲ್ಟಾ ಎಂಬ ಒಂದೇ ಬಗೆಯದು. ಹೊರಹೊದಿಕೆ ತಯಾರಿಸುವ ಸಾಮರ್ಥ್ಯ ಇದಕ್ಕಿಲ್ಲ. ಬಿ ಇರುವ ಜೀವಕೋಶದಲ್ಲಿ ಬಿ ತನಗೆಂದು ತಯಾರಿಸಿದ ಹೊದಿಕೆಯನ್ನು ತೆಗೆದುಕೊಂಡು ತಾನು ಹೊದ್ದು ಹೊರಬರುತ್ತದೆ. ಹೊದಿಕೆ ಒಂದೇ ಆದ್ದರಿಂದ ಹಿಡಿಯುವ ತುದಿಯೂ ಒಂದೇ, ಎನ್‌ಟಿಸಿಪಿಯೂ ಒಂದೇ. ಇದನ್ನು ಕಾಗದದ ಮೇಲೆ ಗೀಚಿ ತೋರಿಸಿದಾಗ ನಮ್ಮ ರೋಗಿ ಹೇಳಿದ ಹೋಲಿಕೆ ನಾನು ಹೇಳಬಹುದಾಗಿದ್ದಕ್ಕಿಂತ ಚೆನ್ನಾಗಿತ್ತು: "ನಮ್ ಫ್ಯಾಕ್ಟ್ರೀಲಿ ಕೆಲ್ಸ ಇಲ್ದೋನು ಇನ್ನೊಬ್ಬನ ಯೂನಿಫಾರ್ಮ್ ಹಾಕ್ಕೊಂಡು ಗೇಟ್ ಒಳಗೆ ಬಂದಂಗೆ. ಸೆಕ್ಯೂರಿಟಿಯೋರು ಬಟ್ಟೆ ನೋಡ್ತಾರೆ, ಮುಖ ನೋಡಲ್ಲ."

ಅವರು ತಕ್ಷಣ ಕೇಳಿದ ಮುಂದಿನ ಪ್ರಶ್ನೆಯೂ ಸರಿಯಾದದ್ದೇ: ಬಿ ಇಲ್ಲವೇ ಇಲ್ಲ ಎಂದ ಮೇಲೆ ಯೂನಿಫಾರ್ಮ್ ಎಲ್ಲಿಂದ ಬಂತು? ಪ್ರಕರಣದ ತಿರುಳು ಇದೇ. ಟೆನೊಫೋವಿರ್ ಮಾಡುವ ಕೆಲಸ ಒಂದೇ, ಆರ್‌ಎನ್‌ಎಯಿಂದ ಹೊಸ ಡಿಎನ್‌ಎ ಬರೆಯುವ ಬಿ ವೈರಾಣುವಿನ ಕಿಣ್ವವನ್ನು ತಡೆಯುವುದು. ಹಾಗಾಗಿ ರಕ್ತದಲ್ಲಿ ಹೊಸ ಡಿಎನ್‌ಎ ಕಾಣುವುದಿಲ್ಲ. ಆದರೆ ಜೀವಕೋಶದ ಕೇಂದ್ರದಲ್ಲಿ ಮೊದಲೇ ನೆಲೆನಿಂತಿರುವ ವೈರಾಣುವಿನ ಉಂಗುರ ಡಿಎನ್‌ಎ ಹಾಗೆಯೇ ಇರುತ್ತದೆ, ನಮ್ಮ ವರ್ಣತಂತುಗಳೊಳಗೆ ಸೇರಿಹೋಗಿರುವ ವೈರಾಣುವಿನ ತುಣುಕುಗಳೂ ಇರುತ್ತವೆ. ಇವೆರಡರಿಂದಲೂ ಹೊದಿಕೆಯ ಪ್ರೋಟೀನು ತಯಾರಾಗುತ್ತಲೇ ಇರುತ್ತದೆ, ಮಾತ್ರೆ ಅದನ್ನು ಮುಟ್ಟುವುದಿಲ್ಲ. ಇವರ ವರದಿಗಳಲ್ಲೇ ಅದಕ್ಕೆ ಸಾಕ್ಷಿಯಿತ್ತು. ಡಿಎನ್‌ಎ ಶೂನ್ಯವೆಂದ ಅದೇ ಹಾಳೆಗಳಲ್ಲಿ ಮೇಲ್ಮೈ ಪ್ರೋಟೀನಿನ ಪರೀಕ್ಷೆ, ಅಂದರೆ ಎಚ್‌ಬಿಎಸ್‌ಎಜಿ, ಪ್ರತಿ ಸಲವೂ ಪಾಸಿಟಿವ್ ಎಂದೇ ಇತ್ತು. ಶೂನ್ಯದ ಸಮಾಧಾನದಲ್ಲಿ ಆ ಸಾಲನ್ನು ಯಾರೂ ಓದಿರಲಿಲ್ಲ. ಡಿ ತನ್ನ ಆರ್‌ಎನ್‌ಎಯನ್ನು ನಮ್ಮದೇ ಜೀವಕೋಶದ ಕಿಣ್ವದಿಂದ ನಕಲು ಮಾಡಿಸಿಕೊಳ್ಳುವುದರಿಂದ ಟೆನೊಫೋವಿರ್‌ಗೆ ಅಲ್ಲೂ ಹಿಡಿತವಿಲ್ಲ.

ಮನೆಯವರು

ಪತ್ನಿಗೆ ಹೆಪಟೈಟಿಸ್ ಬಿ ಇರಲಿಲ್ಲ, ಅದರಿಂದ ರಕ್ಷಿಸುವ ಪ್ರತಿಕಾಯವೂ ಇರಲಿಲ್ಲ. ಗಂಡನಿಗೆ ಸೋಂಕಿರುವುದು ಗೊತ್ತಾಗಿ ಆರು ವರ್ಷಗಳಾಗಿದ್ದರೂ ಲಸಿಕೆ ಹಾಕಿಸಿಕೊಳ್ಳಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಇಷ್ಟು ಸುಲಭದ, ಇಷ್ಟು ಅಗ್ಗದ ಕೆಲಸ ಬಿಟ್ಟುಹೋದದ್ದು ಈ ಪ್ರಕರಣದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ಸಂಗತಿ. ನಮ್ಮ ದೇಶದಲ್ಲೇ ತಯಾರಾದ ಲಸಿಕೆ 1997ರಿಂದ ಸಿಗುತ್ತಿದೆ. ಅವರಿಗೆ ಅಂದೇ ಮೊದಲ ಡೋಸ್ ಕೊಟ್ಟು, ತಿಂಗಳ ನಂತರ ಎರಡನೆಯದು, ಆರು ತಿಂಗಳಿಗೆ ಮೂರನೆಯದು ಕೊಟ್ಟೆವು. ರಕ್ಷಣೆಗೆ 10 ಯೂನಿಟ್ ಸಾಕಾಗುವ ಪ್ರತಿಕಾಯ ಕೊನೆಗೆ 240 ಇತ್ತು. ಲಸಿಕೆಯಲ್ಲಿರುವುದು ಚಿಕ್ಕ ಮೇಲ್ಮೈ ಪ್ರೋಟೀನು ಮಾತ್ರ, ಎನ್‌ಟಿಸಿಪಿಯನ್ನು ಹಿಡಿಯುವ ಪ್ರಿ-ಎಸ್1 ಅದರಲ್ಲಿಲ್ಲ. ಹಾಗಿದ್ದರೂ ಅದು ಕೆಲಸ ಮಾಡುತ್ತದೆ, ಯಾಕೆಂದರೆ ಹೆಪಾರನ್ ಸಲ್ಫೇಟಿನ ಎಳೆಗೆ ಮೊದಲು ಅಂಟುವಾಗ ಚಿಕ್ಕ ಪ್ರೋಟೀನಿನ ಹೊರಮೈಯೂ ಬೇಕಾಗುತ್ತದೆ. ಪ್ರತಿಕಾಯ ಆ ಮೈಯನ್ನೇ ಮುಚ್ಚಿಬಿಟ್ಟರೆ ವೈರಾಣು ಎನ್‌ಟಿಸಿಪಿಯವರೆಗೆ ಬರುವುದೇ ಇಲ್ಲ. ಹೊದಿಕೆ ಒಂದೇ ಆದ್ದರಿಂದ ಇದೇ ಲಸಿಕೆ ಡಿಯಿಂದಲೂ ಕಾಯುತ್ತದೆ.

ಮಗಳು ಹುಟ್ಟಿದ್ದು 2012ರಲ್ಲಿ. ಹೆಪಟೈಟಿಸ್ ಬಿ ಲಸಿಕೆ ದೇಶದಾದ್ಯಂತ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿದ್ದು 2011ರಲ್ಲಿ. ತಾಯಿ ಕಾರ್ಡಿನಲ್ಲಿ ಹುಟ್ಟಿದ ದಿನದ ಡೋಸಿನ ಮುಂದೆ ನರ್ಸ್ ಒಬ್ಬರ ಸಹಿ ಇನ್ನೂ ಕಾಣುತ್ತಿತ್ತು. ಮಗುವಿಗೆ ಏನೂ ಆಗಿಲ್ಲವೆಂದು ಹೇಳಿದಾಗ ತಂದೆ ಆ ಕಾರ್ಡನ್ನು ಮಡಚಿ ಕವರಿನಲ್ಲಿ ತಮ್ಮ ವರದಿಗಳಿಗಿಂತ ಮೇಲೆ ಇಟ್ಟುಕೊಂಡರು.

ಊರಿನಲ್ಲಿ 66 ವರ್ಷದ ತಾಯಿಗೂ 45 ವರ್ಷದ ಅಣ್ಣನಿಗೂ ಬಿ ಪಾಸಿಟಿವ್ ಬಂತು. ಹೆರಿಗೆಯ ಸಮಯದಲ್ಲಿ ತಾಯಿಯಿಂದ ಇಬ್ಬರಿಗೂ ಬಂದಿರಬೇಕು. 2022ರಲ್ಲಿ ಭಾರತದಲ್ಲಿ 2.98 ಕೋಟಿ ಜನರಿಗೆ ಹೆಪಟೈಟಿಸ್ ಬಿ ಇತ್ತೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಎಷ್ಟೋ ಮಂದಿ ಈ ಅಣ್ಣನಂತೆ, ಏನೂ ತೊಂದರೆಯಿಲ್ಲದೆ ತೋಟದ ಕೆಲಸ ಮಾಡಿಕೊಂಡು, ಗೊತ್ತೇ ಇಲ್ಲದೆ ಬದುಕುತ್ತಿರುವವರು. ಅಣ್ಣನ ಎಸ್‌ಜಿಪಿಟಿ 27, ಡಿ ಇಲ್ಲ.

ಚಿಕಿತ್ಸೆ

ಎಂಡೋಸ್ಕೋಪಿಯಲ್ಲಿ ಅನ್ನನಾಳದ ರಕ್ತನಾಳಗಳು ಉಬ್ಬಿರಲಿಲ್ಲ, ಹೊಟ್ಟೆಯಲ್ಲಿ ನೀರಿರಲಿಲ್ಲ, ಅಂದರೆ ಲಿವರ್ ಇನ್ನೂ ಪೂರ್ತಿ ಸೋತಿರಲಿಲ್ಲ. ಆ ಸ್ಥಿತಿಯಲ್ಲಿ ನಮ್ಮ ಕೈಗೆ ಎಟುಕುವಂತಿದ್ದದ್ದು, ದೇಹದ ರಕ್ಷಣಾ ವ್ಯವಸ್ಥೆಯನ್ನು ವೈರಾಣುವಿನ ಮೇಲೆ ಎಬ್ಬಿಸುವ ಪೆಗಿಲೇಟೆಡ್ ಇಂಟರ್‌ಫೆರಾನ್. ವಾರಕ್ಕೊಂದು ಇಂಜೆಕ್ಷನ್, 180 ಮೈಕ್ರೋಗ್ರಾಂ, 48 ವಾರ. ಇದರಿಂದ ಡಿ ಆರ್‌ಎನ್‌ಎ ಶೂನ್ಯಕ್ಕೆ ಬರುವುದು ಸುಮಾರು ನಾಲ್ವರಲ್ಲಿ ಒಬ್ಬರಿಗೆ, ಅವರಲ್ಲೂ ಕೆಲವರಿಗೆ ವರ್ಷಗಳ ನಂತರ ಮರುಕಳಿಸುತ್ತದೆ. ಇದನ್ನು ಮೊದಲೇ ಹೇಳಿದೆವು. 2023ರ ಜೂನ್‌ನಲ್ಲಿ ಶುರುವಾಯಿತು, ಟೆನೊಫೋವಿರ್ ಜೊತೆಗೇ ಮುಂದುವರಿಯಿತು. ಇಂಜೆಕ್ಷನ್ ಆದ ಮರುದಿನ ಜ್ವರ ಬರುವುದರಿಂದ ಭಾನುವಾರ ಮನೆಯಲ್ಲಿ ಮಲಗಿರಲೆಂದು ಶನಿವಾರ ಸಂಜೆಗೆ ನಿಗದಿ ಮಾಡಿದೆವು.

ಔಷಧವನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಅವರ ಮನೆಯಲ್ಲಿ ಫ್ರಿಜ್ ಇರಲಿಲ್ಲ. ಕೆಳಗಿನ ಮನೆಯವರ ಫ್ರಿಜ್‌ನಲ್ಲಿ ಇಡಬಹುದಿತ್ತು, ಆದರೆ ಏನು ಕಾಯಿಲೆ ಎಂದು ಕೇಳಿದರೆ ಮನೆ ಖಾಲಿ ಮಾಡಬೇಕಾದೀತು ಎಂಬ ಭಯ. ಕೊನೆಗೆ ಡಬ್ಬಿಯ ಮೇಲಿನ ಚೀಟಿ ಕಿತ್ತು, ಸ್ಟೀಲ್ ಡಬ್ಬಿಯೊಳಗೆ ಹಾಕಿ, ಸಕ್ಕರೆ ಕಾಯಿಲೆಯ ಇಂಜೆಕ್ಷನ್ ಎಂದು ಹೇಳಿ ಪತ್ನಿ ಅಲ್ಲಿಟ್ಟರು. ಜೊತೆಯಲ್ಲಿ ಊಟ ಮಾಡುವುದರಿಂದ, ಒಂದೇ ನೀರಿನ ಚೊಂಬು ಬಳಸುವುದರಿಂದ ಬಿ ಆಗಲಿ ಡಿ ಆಗಲಿ ಹರಡುವುದಿಲ್ಲ ಎಂಬುದನ್ನು ಎಷ್ಟು ಸಲ ಹೇಳಿದರೂ ನೆರೆಹೊರೆಯ ಭಯ ಹೋಗುವಂಥದ್ದಲ್ಲ. ಹನ್ನೆರಡನೆಯ ವಾರದಲ್ಲಿ ಪ್ಲೇಟ್‌ಲೆಟ್ 82,000ಕ್ಕೆ ಇಳಿದಾಗ ಮೂರು ವಾರ ಡೋಸ್ ತಗ್ಗಿಸಿದೆವು. 48ನೆಯ ವಾರಕ್ಕೆ ಆರ್‌ಎನ್‌ಎ 8.6 ಲಕ್ಷದಿಂದ 2,300ಕ್ಕೆ ಬಂದಿತ್ತು, ಎಸ್‌ಜಿಪಿಟಿ 58. ಔಷಧ ನಿಲ್ಲಿಸಿ ಆರು ತಿಂಗಳಾದ ಮೇಲೆ ಆರ್‌ಎನ್‌ಎ ಮತ್ತೆ 64,000, ಎಸ್‌ಜಿಪಿಟಿ 88. ಲಿವರಿನ ಗಡಸುತನ 11.2ಕ್ಕೆ ಇಳಿದದ್ದು ಲಾಭ. ಆದರೆ ಡಿ ಹೋಗಿರಲಿಲ್ಲ.

ಆಗ ಬುಲೆವಿರ್ಟೈಡ್ ವಿಷಯ ಎತ್ತಿದೆವು. ಇದು ವೈರಾಣುವಿನ ಪ್ರಿ-ಎಸ್1 ತುದಿಯನ್ನೇ ಮಾದರಿಯಾಗಿಟ್ಟು ಕೃತಕವಾಗಿ ತಯಾರಿಸಿದ 47 ಅಮೈನೋ ಆಮ್ಲಗಳ ಎಳೆ, ಅದೇ ಕೊಬ್ಬಿನ ಬಾಲವೂ ಇದಕ್ಕಿದೆ. ದಿನಕ್ಕೆ 2 ಮಿಲಿಗ್ರಾಂ ಚರ್ಮದ ಕೆಳಗೆ ಚುಚ್ಚಿಕೊಂಡರೆ ಅದು ಹೋಗಿ ಎನ್‌ಟಿಸಿಪಿಯಲ್ಲಿ ಕೂರುತ್ತದೆ, ವೈರಾಣುವಿಗೆ ಜಾಗ ಸಿಗುವುದಿಲ್ಲ. ಯುರೋಪಿನಲ್ಲಿ 2020ರಲ್ಲಿ ಷರತ್ತಿನ ಮೇಲೆ, 2023ರಲ್ಲಿ ಪೂರ್ಣವಾಗಿ ಇದಕ್ಕೆ ಒಪ್ಪಿಗೆ ಸಿಕ್ಕಿದೆ. 150 ಜನರ ಮೇಲೆ ನಡೆದ ಪ್ರಯೋಗದಲ್ಲಿ, ಆರ್‌ಎನ್‌ಎ ಚೆನ್ನಾಗಿ ಇಳಿದು ಎಸ್‌ಜಿಪಿಟಿಯೂ ಸಹಜಕ್ಕೆ ಬಂದವರು 48 ವಾರಗಳ ಕೊನೆಗೆ 2 ಮಿಲಿಗ್ರಾಂ ತೆಗೆದುಕೊಂಡವರಲ್ಲಿ ನೂರಕ್ಕೆ 45, ಔಷಧ ಇನ್ನೂ ಶುರುಮಾಡದವರಲ್ಲಿ ನೂರಕ್ಕೆ 2.

"ಆ ದಾರಿ ಮುಚ್ಚಿಬಿಟ್ರೆ ಪಿತ್ತ ಎಲ್ಲಿಗೆ ಹೋಗುತ್ತೆ ಡಾಕ್ಟ್ರೇ?" ಎಂದು ಅವರು ಕೇಳಿದರು. ತಜ್ಞರ ಸಭೆಗಳಲ್ಲೂ ಮೊದಲು ಬರುವ ಪ್ರಶ್ನೆ ಇದೇ. ಈ ಔಷಧ ತೆಗೆದುಕೊಳ್ಳುವವರ ರಕ್ತದಲ್ಲಿ ಪಿತ್ತಾಮ್ಲ ನಿಜವಾಗಿಯೂ ಏರುತ್ತದೆ, ಆದರೆ ಬಹುತೇಕರಿಗೆ ಅದರಿಂದ ತೊಂದರೆ ಕಾಣುವುದಿಲ್ಲ. ವೈರಾಣುವನ್ನು ತಡೆಯಲು ಬೇಕಾಗುವ ಪ್ರಮಾಣಕ್ಕೂ ಪಿತ್ತಾಮ್ಲದ ಸಾಗಣೆಯನ್ನು ತಡೆಯುವ ಪ್ರಮಾಣಕ್ಕೂ ಪ್ರಯೋಗಾಲಯದಲ್ಲಿ ನೂರಾರು ಪಟ್ಟು ಅಂತರವಿದೆ. ಎನ್‌ಟಿಸಿಪಿ ನಿಂತರೂ ಲಿವರಿನ ಪೊರೆಯಲ್ಲಿರುವ ಬೇರೆ ಸಾಗಣೆ ಪ್ರೋಟೀನುಗಳು ಸ್ವಲ್ಪ ಭಾರ ಹೊರುತ್ತವೆ. ಹುಟ್ಟಿನಿಂದಲೇ ಎನ್‌ಟಿಸಿಪಿ ಕೆಲಸ ಮಾಡದ ಮಗುವೊಂದರ ವಿವರ 2015ರಲ್ಲಿ ಪ್ರಕಟವಾಗಿದೆ. ಆ ಮಗುವಿನ ರಕ್ತದಲ್ಲಿ ಪಿತ್ತಾಮ್ಲ ವಿಪರೀತವಾಗಿತ್ತು, ಆದರೆ ಕಾಮಾಲೆಯಾಗಲಿ ಮೈತುರಿಕೆಯಾಗಲಿ ಇರಲಿಲ್ಲ. ಪೂರ್ವ ಏಷ್ಯಾದ ಕೆಲವರಲ್ಲಿ ಈ ಪ್ರೋಟೀನಿನ 267ನೆಯ ಸ್ಥಾನದಲ್ಲಿ ಒಂದು ಅಮೈನೋ ಆಮ್ಲ ಬದಲಾಗಿರುತ್ತದೆ. ಅಂಥವರಲ್ಲಿ ಪಿತ್ತಾಮ್ಲದ ಸಾಗಣೆ ಕುಂದುತ್ತದೆ, ಹೆಪಟೈಟಿಸ್ ಬಿ ತಗಲುವುದೂ ಕಡಿಮೆ. ಇಷ್ಟನ್ನೂ ಹೇಳಿ, ಒಂದು ಮಿತಿಯನ್ನೂ ಹೇಳಿದೆವು. ಈ ಔಷಧ ಹೊಸ ಜೀವಕೋಶಗಳಿಗೆ ವೈರಾಣು ಹೋಗದಂತೆ ತಡೆಯುತ್ತದೆ, ಒಳಗೆ ಈಗಾಗಲೇ ಇರುವುದನ್ನು ಹೊರಹಾಕುವುದಿಲ್ಲ. ಸೋಂಕಿರುವ ಜೀವಕೋಶ ಒಡೆದು ಎರಡಾದಾಗ ಡಿ ಎರಡಕ್ಕೂ ಹಂಚಿಹೋಗಬಲ್ಲದು, ಅದಕ್ಕೆ ಎನ್‌ಟಿಸಿಪಿಯ ಹಂಗಿಲ್ಲ. ಆದ್ದರಿಂದ ವರ್ಷಗಟ್ಟಲೆ ಚುಚ್ಚಿಕೊಳ್ಳಬೇಕಾದೀತು.

ನಮ್ಮ ಔಷಧಾಲಯದಲ್ಲಿ ಅದು ಇರಲಿಲ್ಲ, ವಿದೇಶದ ಬೆಲೆ ಅವರ ವರ್ಷದ ಸಂಬಳಕ್ಕೆ ನಿಲುಕುವಂಥದ್ದಲ್ಲ. ಅನುಕಂಪದ ಆಧಾರದ ಮೇಲೆ ಕೊಡಿಸಲು ಪತ್ರವ್ಯವಹಾರ ನಡೆಸುತ್ತಿದ್ದೇವೆ. ಅಲ್ಲಿಯವರೆಗೆ ಟೆನೊಫೋವಿರ್, ಆರು ತಿಂಗಳಿಗೊಮ್ಮೆ ಕ್ಯಾನ್ಸರ್ ತಪಾಸಣೆಯ ಸ್ಕ್ಯಾನಿಂಗ್, ಜೊತೆಗೆ ಆರ್‌ಎನ್‌ಎ.

ಕಳೆದ ಭೇಟಿಗೆ ಅವರು ಅಣ್ಣನನ್ನೂ ಕರೆತಂದಿದ್ದರು. ಲಸಿಕೆ ಅಣ್ಣನಿಗೆ ಪ್ರಯೋಜನವಿಲ್ಲ, ಯಾಕೆಂದರೆ ಬಿ ಆಗಲೇ ಮೈಯಲ್ಲಿದೆ. ಹೊದಿಕೆ ಅಲ್ಲಿ ತಯಾರಾಗುತ್ತಲೇ ಇದೆ, ಡಿ ಒಮ್ಮೆ ಒಳಗೆ ಬಂದರೆ ಸಾಕು. ನಮ್ಮ ರೋಗಿ ಊರಿಗೆ ಹೋದಾಗ ಅಣ್ಣತಮ್ಮಂದಿರಿಬ್ಬರೂ ಒಂದೇ ಶೇವಿಂಗ್ ಸೆಟ್ ಬಳಸುತ್ತಿದ್ದರು ಎಂಬುದು ಅಂದು ಮಾತಿನ ನಡುವೆ ಹೊರಬಂತು. ಅಣ್ಣನ ರಕ್ತವನ್ನು ಮತ್ತೊಮ್ಮೆ ಡಿ ಪರೀಕ್ಷೆಗೆ ಕಳಿಸಿದೆವು. ನೆಗೆಟಿವ್ ಬಂತು. ಶೇವಿಂಗ್ ಸೆಟ್ ಬೇರೆಯಾಗಿದೆ, ಅಣ್ಣನಿಗೆ ವರ್ಷಕ್ಕೊಮ್ಮೆ ಈ ಪರೀಕ್ಷೆ ಮಾಡಿಸುವುದೆಂದು ಚೀಟಿಯಲ್ಲಿ ಬರೆದುಕೊಟ್ಟಿದ್ದೇವೆ.